ಹಳೆಯ ಅಳತೆ

ಸಾವಿರದ ಒಂಬೈನೂರ ಅರವತ್ತಾರರ ಸುಮಾರಿಗೆ ಮಳೆ ಕೈಕೊಟ್ಟು ಅಕ್ಕಿ ಕಣ್ಣಿಗೆ ಬೀಳದಿದ್ದ ಆ ಎರಡು ವರ್ಷ ನೆನಪಾದರೆ ಅರಕಲಗೂಡಿನ ದರ್ಜಿ ಅಣ್ಣಯ್ಯನ ಕೈ ತಾನಾಗಿ ಕೊರಳಿನ ಟೇಪಿಗೆ ಹೋಗುತ್ತದೆ. ಹೊಟ್ಟೆಗೇ ಇಲ್ಲದಾಗ ಹೊಸ ಬಟ್ಟೆ ಯಾರು ಹೊಲಿಸುತ್ತಾರೆ? ಆದರೂ ಅವನು ದಿನಾ ಅಂಗಡಿ ತೆರೆದು, ಮಿಷನ್ನಿಗೆ ಎಣ್ಣೆ ಬಿಟ್ಟು, ದಾರಿಯಲ್ಲಿ ಹೋಗುವ ಹಳೇ ಗಿರಾಕಿಗಳನ್ನು ಕರೆಯುತ್ತಿದ್ದ.

"ಬಾರಯ್ಯ ದ್ಯಾವಯ್ಯ, ಅಳತೆ ಕೊಟ್ಟೋಗು. ಬಟ್ಟೆ ಯುಗಾದಿಗೆ ತಂದ್ರಾಯ್ತು."

ದ್ಯಾವಯ್ಯನ ಎದೆ ಎರಡು ಇಂಚು ಇಳಿದಿರುತ್ತಿತ್ತು. ಅಣ್ಣಯ್ಯ ಮಾತ್ರ ಬೀದಿಗೆಲ್ಲ ಕೇಳುವಂತೆ ಹಳೆಯ ಅಳತೆಯನ್ನೇ ಕೂಗುತ್ತಿದ್ದ: "ಮೂವತ್ತಾರು! ಒಂದಿಂಚೂ ಇಳಿದಿಲ್ಲ ಕಣಯ್ಯ!" ದ್ಯಾವಯ್ಯ ಎದೆ ಸೆಟೆಸಿಕೊಂಡು ಹೋಗುತ್ತಿದ್ದ. ಅಳತೆ ಪುಸ್ತಕದಲ್ಲಿ ಒಂದು ಸಾಲು ಬರೆದ ಅಣ್ಣಯ್ಯನಿಗೂ ಆ ದಿನ ದುಡಿದಂತೆಯೇ ಅನಿಸುತ್ತಿತ್ತು.

ಕೊನೆಗೆ ಮಳೆ ಹಿಡಿಯಿತು. ಯುಗಾದಿಗೆ ಗಿರಾಕಿಗಳು ಬಟ್ಟೆ ತಂದರು. ಎಲ್ಲರದ್ದೂ ಮುಗಿದ ಮೇಲೆ ಅಣ್ಣಯ್ಯ ತನಗೂ ಒಂದು ಅಂಗಿ ಹೊಲಿದುಕೊಳ್ಳಲು ಹೊರಟ. ತನ್ನ ಅಳತೆ ತಾನೇ ತೆಗೆಯಲಾದೀತೇ? ಹೆಂಡತಿ ಪುಟ್ಟಲಕ್ಷ್ಮಮ್ಮ ಟೇಪು ಹಿಡಿದಳು. ಅದು ಮೂವತ್ನಾಲ್ಕಕ್ಕೇ ಸುತ್ತು ಮುಗಿಸಿದ್ದು ಅವನ ಕಣ್ಣಿಗೇ ಬಿತ್ತು.

ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಮೂವತ್ತೆಂಟು! ಒಂದಿಂಚೂ ಇಳಿದಿಲ್ಲ, ಬರ್ಕಳಿ."

ಅಣ್ಣಯ್ಯ ಹಾಗೇ ಬರೆದುಕೊಂಡ.