ಎರಡು ಗಂಟು

“ಏ ಕೆಂಚಿ, ಕಿವಿ ಕೇಳಸ್ತಾವಿಲ್ಲ ನಿನಗ? ನಿನ್ನಿ ಸಂಜೀಕ ಉಳದ ಆಳು ಸುಲಿದ ಮೊಗ್ಗೆಲ್ಲಾ ಬಾಯಿ ತಕ್ಕೊಂಡು ಕುಂತಾವ. ಇವತ್ತ ಗಂಡು ಹೂವಿನ ಪುಡಿ ಮುಟ್ಟಸಲಿಲ್ಲಂದ್ರ ಬೀಜದ ಹತ್ತಿ ಪೂರಾ ಹಾಳ. ಇಲ್ಲಿ ಗೋಡಿ ನೋಡ್ಕೋತ ಕುಂತಾಳ, ರಂಡಿ!”

ಕೆಂಚವ್ವ ನೋಡುತ್ತಿದ್ದುದು ಗೋಡೆಯನ್ನಲ್ಲ, ಗಡಿಯಾರವನ್ನು. ದುಂಡಸಿಯಿಂದ ಅವಳನ್ನು ಹುಡುಕಿಕೊಂಡು ದವಾಖಾನೆಗೇ ಬಂದಿದ್ದ ಶಿದ್ಲಿಂಗಪ್ಪ ಸಾವಕಾರನಿಗೆ ಅದು ಕಾಣಲಿಲ್ಲ.

ಮೂರು ವರ್ಷದ ದುರ್ಗೇಶನ ಮುಖದ ಮೇಲಿದ್ದ ಆಕ್ಸಿಜನ್ ಮುಸುಕನ್ನು ಐದು ದಿನದ ಮೇಲೆ ಈವತ್ತು ಬೆಳಿಗ್ಗೆ ತೆಗೆದಿದ್ದರು. ನರ್ಸ್ ರಮೀಜ ಹೇಳಿಹೋಗಿದ್ದಳು:

“ಸಂಜೀತನಾ ತಡಕೊಂಡ್ರ ನಿನ್ನ ಮಗ ಗೆದ್ದಂಗ. ದೊಡ್ಡ ಮುಳ್ಳಲ್ಲ, ಆ ಕೆಂಪು ಸಣ್ಣ ಮುಳ್ಳು ಒಂದ ಸುತ್ತು ಬರೂದ್ರಾಗ ಎದಿ ಎಷ್ಟ ಸಲ ಏಳತೈತಿ ಎಣಸು. ನಲವತ್ತು ಮುಟ್ಟಿದ್ರ ಓಡಿ ಬಾ. ಮತ್ತ ಹುಬ್ಬಳ್ಳಿಗೇ ಒಯ್ಯಬೇಕಾಕ್ಕೈತಿ.”

“ನನಗ ಇಪ್ಪತ್ತರ ಮುಂದ ಬರೂದಿಲ್ರೀ ಅಕ್ಕಾರ.”

“ಹೊಲದಾಗ ಹೂ ಹೆಂಗ ಎಣಸ್ತಿ?”

“ಇಪ್ಪತ್ತಕ್ಕೊಂದ ಗಂಟು ಹಾಕ್ತೇನ್ರಿ, ಸೆರಗಿಗೆ.”

“ಹಂಗ ಎಣಸು. ಎರಡನೇ ಗಂಟು ಬಿತ್ತಂದ್ರ ಕೂಗು.”

ಮೊದಲ ಸಲ ಒಂದು ಗಂಟು, ಮೇಲೆ ಒಂಬತ್ತು. ಆಮೇಲೆ ಗಂಟಿನ ಮೇಲೆ ಹನ್ನೆರಡು. ಈಗ ಹದಿನಾರು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಜಕುಮಾರನ ಜೀವ ಏಳು ಕೆರೆಯಾಚೆಯ ಗಿಳಿಯೊಳಗೆ ಇರುತ್ತಿತ್ತು, ಯಾರ ಕೈಗೂ ಸಿಗದ ಹಾಗೆ. ಇವಳ ಮಗನದು ಇಗೋ, ಎದೆಗೂಡಿನ ಕೆಳಗೆ ಒಳಗೊಳಗೆ ಜಗ್ಗುವ ಅಂಗೈಯಗಲದ ಕುಳಿಯಲ್ಲಿ, ಯಾರು ಬೇಕಾದರೂ ನೋಡುವ ಹಾಗೆ ಮಿಡುಕುತ್ತಿತ್ತು.

“ನಾಳಿ ಗುಡಸಲಾ ಕಿತ್ತಿ ಒಗಸ್ತೇನಿ, ನೋಡ್ಕೋ! ಯಾರ ಹೊಲದ ದಂಡಿಗೆ ಐತಿ ಅದು?”

ಎಣಿಕೆ ತಪ್ಪಿತು. ಕೆಂಚವ್ವ ಗಂಟು ಬಿಚ್ಚಿದಳು.

“ಸಾವಕಾರ್ರ, ನಿಮ್ಮ ಕಾಲಿಗಿ ಬೀಳ್ತೇನ್ರಿ. ಮುಳ್ಳು ಒಂದ ಸುತ್ತು ಬರಲ್ರಿ, ಆಮ್ಯಾಲೆ ಬೈರಿ.”

ಪಕ್ಕದ ಮಂಚದ ಮುದುಕಿ ಕಿಸಕ್ಕನೆ ನಕ್ಕಳು. ಶಿದ್ಲಿಂಗಪ್ಪನ ಮುಖ ಕೆಂಪೇರಿತು.

ಕೆಂಪು ಮುಳ್ಳು ಹನ್ನೆರಡು ದಾಟಿತು. ಒಂದು. ಎರಡು. ಮೂರು. ಮಗುವಿನ ಮೂಗಿನ ಹೊಳ್ಳೆ ಅರಳುತ್ತಿತ್ತು. ಇಪ್ಪತ್ತು. ಗಂಟು. ಮತ್ತೆ ಒಂದು, ಎರಡು...

“ಕಫ ಕಟ್ಟಿದ್ದಕ್ಕ ಇಷ್ಟ್ಯಾಕ ಸೋಗು? ನಿಮ್ಮ ಕೇರ್‍ಯಾಗ ಹುಡುಗರಿಗೇನ ಬರ ಐತೇನ? ಇದು ಹೋದ್ರ ಇನ್ನೊಂದ ಹಡ...”

ಮಾತು ಅಲ್ಲಿಗೇ ನಿಂತಿತು. ಅವನ ಬಾಯಿಯ ಮೇಲೆ ಕೆಂಚವ್ವನ ಬಲಗೈ ಇತ್ತು. ಅವನ ಮನೆಯ ಹೊಸ್ತಿಲಿರಲಿ, ಹಿತ್ತಲಿನ ಕೊಡವನ್ನೂ ಆ ಕೈ ಮುಟ್ಟುವ ಹಾಗಿರಲಿಲ್ಲ.

ಅವಳು ಅವನ ಕಡೆ ನೋಡಲೂ ಇಲ್ಲ. ಮೀಸೆ ಅಂಗೈಗೆ ಚುಚ್ಚುತ್ತಿತ್ತು. ಹದಿನಾಲ್ಕು. ಹದಿನೈದು. ಅವನು ಕೊಸರಿಕೊಂಡ, ಅವಳು ಇನ್ನೂ ಒತ್ತಿದಳು. ಹದಿನೆಂಟು. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಎರಡನೆಯ ಗಂಟಿನ ಕುಣಿಕೆ ಮಾಡಿಕೊಂಡಳು.

ಹತ್ತೊಂಬತ್ತು.

ಮುಳ್ಳು ಹನ್ನೆರಡಕ್ಕೆ ಬರಲು ಇನ್ನೂ ಮೂರು ಗೀಟು ಉಳಿದಿದ್ದವು.