ಪರದೆಯ ಹಿಂದೆ ಟೇಪು, ರೆಕಾರ್ಡು

ಗುರುವಾರದ ಸಂಗೀತ ಕ್ಲಬ್ಬಿಗೆ ಹೋಗುವುದೆಂದರೆ ಗುಡ್ರೂನಳಿಗೆ ಈಚೆಗೆ ಭಯವಾಗುತ್ತಿತ್ತು. ಓರ್ಹೂಸ್ ಪಟ್ಟಣದಲ್ಲಿ ಟೇಪಿನ ಹಾಡನ್ನು ಗ್ರಾಮಫೋನ್ ರೆಕಾರ್ಡಿಗೆ ಕೊರೆಯುವವಳು ಅವಳು. ಕಿವಿಯೇ ಅವಳ ಅನ್ನದ ದಾರಿ. ಚಳಿಗಾಲದಿಂದ ಆ ಕಿವಿಗೆ ತಾಳದ ಕಿಣಿಕಿಣಿಯಂಥ ಮೇಲಿನ ದನಿಯೇ ಬೀಳುತ್ತಿರಲಿಲ್ಲ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವಳು ಕೊರೆದದ್ದನ್ನು ಜೊತೆಗಾರ ಪ್ರೆಬೆನ್ ಕೇಳಿ ಒಪ್ಪಿದ ಮೇಲೆಯೇ ಅಚ್ಚಿಗೆ ಕಳಿಸುವುದು ಅವರ ಪದ್ಧತಿ. ಅವನಿದ್ದಾನಲ್ಲ ಎಂಬ ಧೈರ್ಯದಲ್ಲೇ ಪಾಪ, ದಿನ ದೂಡುತ್ತಿದ್ದಳು.

ಆ ಸಂಜೆ ಕ್ಲಬ್ಬು ನಡೆಸುವ ಮೋಗೆನ್ಸ್ ಪರದೆಯ ಹಿಂದೆ ಕೂತು ಒಂದೇ ಹಾಡನ್ನು ಎರಡು ಸಲ ಹಾಕಿದ. ಒಂದು ಸಿಡಿ, ಒಂದು ಮೇಲಿನ ದನಿ ಮಸುಕಾದ ಕ್ಯಾಸೆಟ್ಟು. ಯಾವಾಗ ಕ್ಯಾಸೆಟ್ಟು ಎನಿಸುತ್ತದೋ ಆಗ ಕೈ ಎತ್ತಬೇಕು. ಗುಡ್ರೂನಳಿಗೆ ಎರಡೂ ಒಂದೇ. ಪಕ್ಕದಲ್ಲಿ ಪ್ರೆಬೆನ್ ಕೈ ಎತ್ತಿದ್ದೇ ತಾನೂ ಎತ್ತಿದಳು.

"ನೀವಿಬ್ರೇ ತಪ್ಪು!" ಮೋಗೆನ್ಸ್ ಪರದೆ ಸರಿಸಿ ನಕ್ಕ. "ರೆಕಾರ್ಡ್ ಮಾಡೋರಿಗೇ ಗೊತ್ತಾಗ್ಲಿಲ್ವಲ್ರಪ್ಪಾ! ಕಾಫಿ ಕುಡ್ಕೊಂಡು ಬನ್ನಿ, ಹೋಗಿ."

ಕಾಫಿ ಮೇಜಿನ ಹತ್ತಿರ ಅವಳು ಪ್ರೆಬೆನ್ನನಿಗೆ ಪಿಸುಗುಟ್ಟಿದಳು. "ಬೇಕಂತಲೇ ತಪ್ಪು ಹೇಳಿದ್ಯೇನೋ?"

"ಇಲ್ಲ ಕಣೇ, ಅಂದಾಜಿಗೆ ಎತ್ತಿದೆ. ಮೇಲಿನ ದನಿ ನಂಗೆ ಕೇಳ್ಸದೇ ಎಷ್ಟೋ ಕಾಲ ಆಯ್ತು."

"ಮತ್ತೆ ನಾನು ಕೊರೆದದ್ದಕ್ಕೆಲ್ಲಾ ಸರಿ ಸರಿ ಅಂತಿದ್ಯಲ್ಲೋ?"

"ನಿನ್ ಕಿವಿ ಚಿನ್ನ ಅಂತ ಊರೇ ಹೇಳತ್ತೆ. ಅದ್ರಲ್ಲಿ ನಾನೇನು ತಪ್ಪು ಹುಡುಕ್ಲಿ ಮಾರಾಯ್ತಿ?"

ಗುಡ್ರೂನ್ ಕಾಫಿ ಲೋಟ ಕೆಳಗಿಟ್ಟಳು. ಚರ್ಚಿನ ಗಾಯಕಿಯರ ಹೊಸ ರೆಕಾರ್ಡು ಕೊರೆಯುವಾಗ, ತನಗೆ ಸಾಲದೆಂದು ಮೇಲಿನ ದನಿಯನ್ನು ಏರಿಸುತ್ತಲೇ ಹೋಗಿದ್ದಳು. ಹೆಚ್ಚಾದರೆ ಪ್ರೆಬೆನ್ ಹಿಡಿಯುತ್ತಾನೆ ಎಂದುಕೊಂಡಿದ್ದಳು. ಆ ರೆಕಾರ್ಡು ಅಚ್ಚಾಗಿ ಅಂಗಡಿಗಳಿಗೆ ಹೊರಟಿತ್ತು.

"ಕೊನೇದು ನಿಮ್ದೇ!" ಎಂದು ಮೋಗೆನ್ಸ್ ಕೂಗಿದ. "ಮೊದ್ಲು ಚರ್ಚಿನವರ ಮೂಲ ಟೇಪು, ಆಮೇಲೆ ನಿಮ್ಮ ರೆಕಾರ್ಡು."

ಗುಡ್ರೂನ್ ಬೇಡ ಎನ್ನುವಷ್ಟರಲ್ಲಿ ಅವನು ಟೇಪು ಹಾಕಿಯೇ ಬಿಟ್ಟಿದ್ದ. ಟೇಪು ಮುಗಿಯಿತು, ರೆಕಾರ್ಡು ಶುರುವಾಯಿತು. ಅವಳಿಗೆ ಅದೇ ಹಾಡು, ಅಷ್ಟೇ ಮೃದುವಾಗಿ, ಒಂದಿಷ್ಟೂ ಕೆಡದೆ ಕೇಳಿತು. ದೇವರೇ, ಬದುಕಿದೆ ಎಂದುಕೊಂಡು ತಲೆ ಎತ್ತಿದಳು.

ಸುತ್ತಲಿನವರು ಹಲ್ಲು ಕಚ್ಚಿ ಕೂತಿದ್ದರು. ಮುಂದಿನ ಸಾಲಿನಲ್ಲಿದ್ದ ಗಾಯಕಿಯರ ಮುಖ್ಯಸ್ಥೆ ಬಿರ್ಗಿಟ್ಟೆ ಎರಡೂ ಕಿವಿ ಮುಚ್ಚಿಕೊಂಡು ಅವಳತ್ತ ತಿರುಗಿದಳು.

"ನಿಲ್ಸೋಕೆ ಹೇಳಿ ಗುಡ್ರೂನ್! ಈ ಕೀರಲು ನಿಮಗೆ ಕೇಳಿಸ್ತಾನೇ ಇಲ್ವಾ?"