ಬಿಚ್ಚದ ಬೀಸಣಿಗೆ

ನಮ್ಮ ಅಜ್ಜಿಯ ಹತ್ತಿರ ಬಿಚ್ಚದ ಬೀಸಣಿಗೆಯೊಂದಿತ್ತು. ಗೇಣಿಗಿಂತ ಸ್ವಲ್ಪ ಉದ್ದ, ಮೈಗೆಲ್ಲ ಕಪ್ಪು ಅರಗಿನ ಹೊಳಪು, ಮಡಿಸಿಟ್ಟ ಕಡ್ಡಿಗಳು ಒಂದಕ್ಕೊಂದು ಅಂಟಿ ನಿಂತಂತೆ. ಕತೆ ಹೇಳಲು ಕೂತಾಗ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಎಂಥ ಸೆಕೆಯಲ್ಲೂ ಅದರಿಂದ ಗಾಳಿ ಬೀಸಿಕೊಂಡವಳಲ್ಲ. ನಾನು ಉಗುರು ಸಿಕ್ಕಿಸಿ ಕಡ್ಡಿಗಳನ್ನು ಬಿಡಿಸಲು ನೋಡುತ್ತಿದ್ದೆ. ಅವು ಒಂದೇ ಮರದಲ್ಲಿ ಕೊರೆದವು ಎಂದು ತಿಳಿಯಲು ನನಗೆ ತುಂಬ ದಿನ ಹಿಡಿಯಿತು.

ಅದಕ್ಕೂ ಒಂದು ಕತೆಯಿತ್ತು. ಜಪಾನಿನಿಂದ ಬಂದ ಸರ್ಕಸ್ಸೊಂದು ಬತ್ತಿದ ಕೆರೆಯ ಅಂಗಳದಲ್ಲಿ ಡೇರೆ ಹಾಕಿತ್ತಂತೆ. ಅದರಲ್ಲಿ ಹಗ್ಗದ ಮೇಲೆ ನಡೆಯುವ ಹೆಂಗಸೊಬ್ಬಳಿದ್ದಳು. ಕೈಯಲ್ಲಿ ಕೊಡೆ, ನಡುಪಟ್ಟಿಯಲ್ಲಿ ಈ ಬೀಸಣಿಗೆ. ಒಂದು ದಿನ ಅವಳು ಆಕಾಶದಿಂದ ಇಳಿದು ಬಂದು ಅದನ್ನು ನನ್ನ ಮುತ್ತಜ್ಜಿ ಚಿಕ್ಕತಾಯಮ್ಮನ ಕೈಗಿಟ್ಟು ಹೋದಳು. ಯಾಕೆ ಕೊಟ್ಟಳು ಎಂದರೆ ಅಜ್ಜಿ ಪ್ರತಿ ಸಲವೂ ಬೇರೆ ಬೇರೆ ಕಾರಣ ಹೇಳುತ್ತಿದ್ದಳು. ಮುತ್ತಜ್ಜಿ ಕಣ್ಣು ಮಿಟುಕಿಸದೆ ನೋಡಿದಳು ಎಂದು ಒಮ್ಮೆ, ಕುಡಿಯಲು ಮಜ್ಜಿಗೆ ಕೊಟ್ಟಳು ಎಂದು ಇನ್ನೊಮ್ಮೆ. ನಾನು ಎಲ್ಲವನ್ನೂ ಒಟ್ಟಿಗೆ ನಂಬಿದ್ದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅಜ್ಜಿ ಬೀಸಣಿಗೆಯ ಎರಡೂ ತುದಿ ಹಿಡಿದು ಎಳೆದಾಗ ಒಳಗಿನಿಂದ ತಣ್ಣನೆಯ ಅಲಗೊಂದು ಹೊರಬರುತ್ತಿತ್ತು. ಬೀಸಣಿಗೆ ಬರೀ ಒರೆ, ಒಳಗಿರುವುದು ಬಾಕು ಎಂದು ಗೊತ್ತಾದ ಮೇಲೂ ನನಗೆ ಆ ಹೆಂಗಸು ಆಕಾಶದಲ್ಲೇ ನಡೆಯುತ್ತಿದ್ದಳು.

ಹಳೆಯ ಕಚೇರಿ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿದಾಗ ಕತ್ತಿ, ಗುರಾಣಿಗಳನ್ನೆಲ್ಲ ಕೊಟ್ಟವರು ಊರಿನ ದೊಡ್ಡ ಮನೆತನದವರಾದ ಕೋಟೆಮನೆಯವರು. ಆ ಮನೆಯ ಯಜಮಾನರಾದ ನಂಜರಾಜಯ್ಯನವರೇ ಅದಕ್ಕೆ ಅಧ್ಯಕ್ಷರು. ಆಯುಧಗಳ ಅಸಲು ನಕಲು ಹೇಳಬಲ್ಲ ಜಯತೀರ್ಥ ಎಂಬ ವಿದ್ವಾಂಸರನ್ನು ಅವರು ದೂರದಿಂದ ಕರೆಸಿದ್ದರು. ಊರವರೂ ತಮ್ಮ ಮನೆಯ ಹಳೆಯ ವಸ್ತುಗಳನ್ನು ತಂದು ತೋರಿಸಬಹುದು ಎಂದು ಡಂಗುರ ಸಾರಿಸಿದ್ದರು. ಸುದ್ದಿ ಕೇಳಿದ್ದೇ ನಾನು ಕನಸು ಕಾಣತೊಡಗಿದೆ. ಗಾಜಿನ ಪೆಟ್ಟಿಗೆ, ಅದರೊಳಗೆ ನಮ್ಮ ಬಾಕು, ಕೆಳಗೆ ಅಚ್ಚಿನ ಅಕ್ಷರದಲ್ಲಿ ಚಿಕ್ಕತಾಯಮ್ಮನ ಹೆಸರು. ನಮ್ಮ ಮನೆಯ ಯಾರ ಹೆಸರೂ ಆವರೆಗೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಅಜ್ಜಿಗೆ ಮನಸ್ಸಿರಲಿಲ್ಲ. ಇಷ್ಟು ಕಾಲ ಇಲ್ಲದ ಅನುಮಾನ ಈಗ ಯಾರಿಗೆ ಬಂತು ಎಂದು ಗೊಣಗಿದಳು. ಆದರೂ ನನ್ನ ಮುಖ ನೋಡಿ ಹೊರಟಳು.

ಜಯತೀರ್ಥರು ಮಾತು ಕಡಿಮೆಯ ಮನುಷ್ಯ. ಬಾಕನ್ನು ಎಲ್ಲಿಯೂ ಬೆರಳು ತಾಗದಂತೆ ಬಟ್ಟೆಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದರು. ಬೀಸಣಿಗೆಯ ವೇಷದ ಬಾಕುಗಳನ್ನು ಆ ದೇಶದಲ್ಲಿ ಬಹಿರಂಗವಾಗಿ ಆಯುಧ ಹಿಡಿಯಲಾಗದವರು ಇಟ್ಟುಕೊಳ್ಳುತ್ತಿದ್ದರೆಂದೂ, ಆಮೇಲೆ ಪ್ರವಾಸಿಗರಿಗೆ ಮಾರಲೆಂದೇ ಬೇಕಾದಷ್ಟು ನಕಲುಗಳಾದವೆಂದೂ ಹೇಳಿದರು. ಇದೂ ಅಂಥದೇ ಇರಬೇಕೆಂದು ಅವರು ಮೊದಲು ಎಣಿಸಿದ್ದರು. ಆದರೆ ಅಲಗನ್ನು ಓರೆ ಮಾಡಿದಾಗ ಹರಿತವಾದ ಬಾಯಿಯ ಉದ್ದಕ್ಕೂ ಮೋಡದ ಅಂಚಿನಂಥ ಬಿಳಿ ಗೆರೆ ಕಾಣಿಸಿತು. ಅದು ಮೇಲೆ ಬರೆದದ್ದಲ್ಲ, ಬೆಂಕಿಯಿಂದ ನೀರಿಗಿಳಿದ ಉಕ್ಕಿನ ಒಳಗಿನಿಂದಲೇ ಮೂಡಿದ್ದು ಎಂದರು. ಅವರ ದನಿ ಮೆತ್ತಗಾಗಿತ್ತು.

ನಂಜರಾಜಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಅವರ ಮಾತು ಯಾವಾಗಲೂ ಬೆಣ್ಣೆಯಂತೆ. ತಮ್ಮ ತಾತನ ಸಂಗ್ರಹದಿಂದ ಪರದೇಶದ ಬಾಕೊಂದು ಕಾಣೆಯಾಗಿತ್ತೆಂದು ಮನೆಯಲ್ಲಿ ಹೇಳುವುದನ್ನು ಕೇಳಿದ್ದರಂತೆ. ಆ ಕಾಲದಲ್ಲಿ ಕೋಟೆಮನೆಯ ಒಳಕೋಣೆಯವರೆಗೂ ಹೋಗಿಬರುತ್ತಿದ್ದ ಹೊರಗಿನವರೆಂದರೆ ಸೂಲಗಿತ್ತಿಯರು ಮಾತ್ರವಂತೆ. ಚಿಕ್ಕತಾಯಮ್ಮ ಸೂಲಗಿತ್ತಿ, ಅಜ್ಜಿಯೂ ಸೂಲಗಿತ್ತಿ. ಅಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ನಾನು ಯಾರನ್ನೂ ದೂರ್ತಾ ಇಲ್ಲ ಕೆಂಪಾಜಮ್ಮ," ಎಂದರು ನಂಜರಾಜಯ್ಯ ಅಜ್ಜಿಯನ್ನು ನೋಡಿ. "ಜಾತ್ರೇಲಿ ಕೊಂಡ ಆಟಿಕೆ ಆದರೆ ನಿಮ್ಮದು. ಅಸಲಿ ಆದರೆ, ಅದು ಯಾರ ಮನೇದು ಅಂತ ಊರಿಗೇ ಗೊತ್ತು."

ಅಜ್ಜಿ ನೆಲ ನೋಡುತ್ತಾ ನಿಂತಿದ್ದಳು. ಕೋಟೆಮನೆಯವರ ಮುಂದೆ ಅವಳು ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದಳು.

ಜಯತೀರ್ಥರು ಈ ಮಾತಿಗೆ ಕಿವಿಗೊಡದೆ ಹಿಡಿಯಲ್ಲಿದ್ದ ಸಣ್ಣ ಬಿದಿರು ಮೊಳೆಯನ್ನು ಮೆಲ್ಲಗೆ ಹೊರಗೆ ತಳ್ಳಿದರು. ಹಿಡಿ ಕಳಚಿಕೊಂಡಿತು. ಅಲಗಿನ ಬುಡ, ಹಿಡಿಯೊಳಗೆ ಅಡಗಿದ್ದ ಬಾಲ, ತೊಳೆದ ತಟ್ಟೆಯ ಹಾಗೆ ಫಳಫಳನೆ ಹೊಳೆಯಿತು. ಅವರ ಮುಖ ಬಾಡಿತು. ಹಳೆಯ ಬಾಕಿನ ವಯಸ್ಸು ಇರುವುದು ಈ ಬಾಲದ ಮೇಲೆ ಕಟ್ಟಿದ ಕಪ್ಪು ತುಕ್ಕಿನಲ್ಲಿ, ಬಲ್ಲವರಾರೂ ಅದನ್ನು ಮುಟ್ಟುವುದಿಲ್ಲ, ಇದು ನಿನ್ನೆ ಮಾಡಿದಂತಿದೆ, ಹಳೆಯದೆಂದು ನಾನು ಹೇಳಲಾರೆ ಎಂದರು.

ನಂಜರಾಜಯ್ಯನವರು ಹಿಂದಕ್ಕೆ ಒರಗಿದರು. "ನೋಡಿ, ಆಟಿಕೆ. ತಗೊಂಡು ಹೋಗಮ್ಮ, ಮನೇಲಿ ಮಕ್ಕಳಿದ್ದರೆ ಆಡಿಕೊಳ್ಳಲಿ."

ಯಾರೋ ನಕ್ಕರು. ಬಾಗಿಲು ತೆರೆದೇ ಇತ್ತು. ಬಾಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರೆ ಸಾಕಿತ್ತು, ಕಳ್ಳತನದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಾಗೆ ಹೋದರೆ ಚಿಕ್ಕತಾಯಮ್ಮ ಜಾತ್ರೆಯ ಆಟಿಕೆ ಕೊಂಡು ಬಂದು ಮಗಳಿಗೆ ಸುಳ್ಳು ಹೇಳಿದವಳಾಗುತ್ತಿದ್ದಳು. ಅಜ್ಜಿ ಆ ಸುಳ್ಳನ್ನು ನನಗೆ ಉಣಿಸಿ ಬೆಳೆಸಿದವಳಾಗುತ್ತಿದ್ದಳು. ಕಳ್ಳಿಯ ಮೊಮ್ಮಗಳು ಅನ್ನಿಸಿಕೊಂಡೇನು, ಇದನ್ನು ಒಪ್ಪಲಾರೆ ಅನ್ನಿಸಿತು.

"ಅದು ಹಳೇದೇ," ಎಂದೆ. "ತುಕ್ಕು ತೆಗೆದವರು ನಾವು. ಪ್ರತಿ ಆಯುಧಪೂಜೆಗೂ ಅಜ್ಜಿ ಹಿಡಿ ಕಳಚಿ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಲ್ಲಿ ಉಜ್ಜುತ್ತಾಳೆ. ನೀರು ಹಾಕೋಳು ನಾನು."

ಜಯತೀರ್ಥರು ಕಣ್ಣು ಮುಚ್ಚಿಕೊಂಡರು, ನೋವಾದವರ ಹಾಗೆ. ನಂಜರಾಜಯ್ಯನವರು ನನ್ನನ್ನು ಮೊದಲ ಸಲ ಕಂಡವರಂತೆ ದಿಟ್ಟಿಸಿದರು. ಯೋಚನೆ ಮಾಡಿ ಮಾತಾಡು ಹುಡುಗಿ, ನಿಜವಾದರೆ ಮುಂದಿನದು ಏನಾಗುತ್ತದೆ ಎಂದು ಗೊತ್ತಲ್ಲ ಎಂದರು. ಗೊತ್ತು ಎಂದೆ.

ಜಯತೀರ್ಥರು ಭೂತಗನ್ನಡಿ ತೆಗೆದರು. ಬಾಲದಲ್ಲಿ ಬಿದಿರು ಮೊಳೆ ಕೂರುವ ಸಣ್ಣ ತೂತಿದೆಯಲ್ಲ, ಅದರ ಒಳಗೋಡೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತೆಂಗಿನ ನಾರು ಅಲ್ಲಿಯವರೆಗೆ ಹೋಗುವುದಿಲ್ಲ. ತೂತಿನೊಳಗೆ ಕಪ್ಪು ಹಾಗೆಯೇ ಉಳಿದಿತ್ತು, ಗಟ್ಟಿಯಾಗಿ, ರೇಷ್ಮೆಯಂತೆ ನುಣುಪಾಗಿ. ಅವರು ತಲೆಯೆತ್ತದೆಯೇ, ಇದು ಸಾಚಾ, ಈ ಕೋಣೆಯಲ್ಲಿರುವ ಯಾವ ಕತ್ತಿಗಿಂತಲೂ ಹಳೆಯದು ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, ಪೂಜೆಗೆ ಅಲಗು ಉಜ್ಜಿದ್ದು ಸರಿ, ಯಾರೂ ನೋಡದ ಬಾಲವನ್ನು ಯಾಕಮ್ಮ ಉಜ್ಜಿದಿರಿ ಎಂದು ಕೇಳಿದರು.

ಅಜ್ಜಿ ತಲೆಯೆತ್ತಿದಳು.

"ಪೂಜೆಗಲ್ಲ ಸ್ವಾಮಿ. ಇವಳು ಕಂಡದ್ದು ಪೂಜೇದು ಮಾತ್ರ. ಹೆರಿಗೆ ಆದಾಗಲೆಲ್ಲ ಉಜ್ಜತಿದ್ದೆ. ರಕ್ತ ಹಿಡಿಯೊಳಗೆ ಇಳೀತದೆ. ಅದನ್ನ ಹಾಗೇ ಬಿಟ್ಟು ಇನ್ನೊಂದು ಕೂಸಿನ ಹೊಕ್ಕುಳಿಗೆ ಇಡೋಕಾಗತದ?"

ನನಗೂ ಇದು ಹೊಸತು. ಅಜ್ಜಿ ನಿಧಾನವಾಗಿ ಕತೆಯ ಉಳಿದ ಭಾಗವನ್ನು ಹೇಳಿದಳು, ಅಷ್ಟು ವರ್ಷ ನನಗೆ ಹೇಳದೆ ಉಳಿಸಿಕೊಂಡದ್ದನ್ನು. ಹಗ್ಗದ ಮೇಲಿನ ಹೆಂಗಸು ತುಂಬು ಬಸುರಿಯಾಗಿದ್ದಳು. ನೋವು ಬಂದಾಗ ಚಿಕ್ಕತಾಯಮ್ಮನನ್ನು ಡೇರೆಗೆ ಕರೆದೊಯ್ದರು. ಮಗು ಬಂತು. ಬಳ್ಳಿ ಕತ್ತರಿಸಲು ಕೈಗೆ ಸಿಕ್ಕಿದ ಕುಡುಗೋಲು ಮೊಂಡಾಗಿತ್ತು. ಆಗ ಆ ತಾಯಿಯೇ ಮಲಗಿದಲ್ಲಿಂದ ಕೈಚಾಚಿ ಬೀಸಣಿಗೆಯನ್ನು ಎಳೆದು ಅಲಗನ್ನು ಕೊಟ್ಟಳು. ಸರ್ಕಸ್ಸು ಹೊರಟ ದಿನ ಅದನ್ನು ಚಿಕ್ಕತಾಯಮ್ಮ ವಾಪಸ್ಸು ಒಯ್ದಾಗ ಆ ತಾಯಿ ತೆಗೆದುಕೊಳ್ಳಲಿಲ್ಲ. ಭಾಷೆ ಬಾರದವಳು, ಮಗುವಿನ ಹೊಟ್ಟೆ ಮುಟ್ಟಿ ಮುತ್ತಜ್ಜಿಯ ಕೈ ಮುಟ್ಟಿದಳು, ಅಷ್ಟೇ.

"ಕತೆ ಚೆನ್ನಾಗಿದೆ," ಎಂದರು ನಂಜರಾಜಯ್ಯ. "ನಮ್ಮ ಮನೆಯದಲ್ಲ ಅನ್ನೋಕೆ ಅದೇನು ಆಧಾರ?"

ಕೋಟೆಮನೆಯವರನ್ನು ಅಜ್ಜಿ ಸದಾ, ಒಡೆಯರನ್ನು ಕರೆಯುವಂತೆ, 'ಬುದ್ಧಿ' ಎಂದೇ ಕರೆಯುತ್ತಿದ್ದಳು. ಆ ಹೊತ್ತು ಆ ಪದ ಅವಳ ಬಾಯಿಗೆ ಬರಲಿಲ್ಲ.

"ನೀನೇ ಆಧಾರ ಕಣಪ್ಪ. ನಿನ್ನ ಹೊಕ್ಕುಳಬಳ್ಳಿ ಕುಯ್ದದ್ದು ಇದರಲ್ಲೇ. ನಿಮ್ಮ ಒಳಕೋಣೇಲಿ, ನಿಮ್ಮಜ್ಜಿ ದೀಪ ಹಿಡಕೊಂಡು ನಿಂತಿದ್ದರು. ನಿಮ್ಮವ್ವ ಇದನ್ನ ಕೈಯಲ್ಲಿ ಹಿಡದು, ಎಷ್ಟು ಚಂದ ಇದೆಯಲ್ಲೇ ಕೆಂಪಿ, ನನಗೆ ಕೊಡ್ತೀಯಾ ಅಂದರು. ಕೊಡಾಕಿಲ್ಲ ಅವ್ವ ಅಂದೆ. ನಿಮ್ಮ ಮನೇದೇ ಆಗಿದ್ದಿದ್ದರೆ ನನ್ನ ಯಾಕೆ ಕೇಳೋರು?"

ಮೂಲೆಯಲ್ಲಿ ನಿಂತಿದ್ದ ಅಕ್ಕಿ ಅಂಗಡಿಯ ಮುದುಕ ಸಣ್ಣಗೆ ಕೆಮ್ಮಿ, ಹಾಗಾದರೆ ನನ್ನದೂ ಇದರಲ್ಲೇನಾ ಎಂದು ಕೇಳಿದ. ನಿನ್ನದು ನಮ್ಮವ್ವ ಕುಯ್ದದ್ದು, ಆದರೆ ಇದರಲ್ಲೇ ಎಂದಳು ಅಜ್ಜಿ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಿಬ್ಬರ ಕೈ ತಮಗೇ ತಿಳಿಯದೆ ಹೊಟ್ಟೆಯ ಮೇಲೆ ಹೋಗಿತ್ತು. ನಂಜರಾಜಯ್ಯನವರು ಶಾಲನ್ನು ಮುಂದಕ್ಕೆ ಎಳೆದುಕೊಂಡರು. ಕಳ್ಳತನದ ಮಾತು ಮತ್ತೆ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಬೇರೆ ದಾರಿ ಹಿಡಿದರು. ಇಂಥ ವಸ್ತು ಗಾಜಿನ ಪೆಟ್ಟಿಗೆಯಲ್ಲೇ ಇರಬೇಕು, ಜಪಾನಿನ ಬಾಕು ಎಂದು ಬರೆಸೋಣ ಎಂದರು. ಚಿಕ್ಕತಾಯಮ್ಮನ ಹೆಸರನ್ನೂ, ಅವಳ ಕೈಗೆ ಅದು ಬಂದ ಬಗೆಯನ್ನೂ ಬರೆಯುತ್ತೀರಾ ಎಂದು ಕೇಳಿದೆ. ಹೆರಿಗೆ, ಬಳ್ಳಿ ಇಂಥದನ್ನೆಲ್ಲ ನಾಲ್ಕು ಜನ ಓದುವಲ್ಲಿ ಹೇಗಮ್ಮ ಬರೆಯುವುದು, ಚೆನ್ನಾಗಿರುವುದಿಲ್ಲ ಎಂದರು.

ನಾನು ಅಷ್ಟು ದಿನ ಕಂಡ ಕನಸು ಅದೇ ಗಾಜಿನ ಪೆಟ್ಟಿಗೆ. ಅದು ಎದುರಿಗೇ ಇತ್ತು, ಖಾಲಿಯಾಗಿ, ಒರೆಸಿಟ್ಟು.

"ಹಾಗಾದರೆ ಇದು ಇಲ್ಲಿರೋದಿಲ್ಲ," ಎಂದೆ.

ಜಯತೀರ್ಥರು ಹಿಡಿಯನ್ನು ಕೂರಿಸಿ, ಬಿದಿರು ಮೊಳೆ ಒತ್ತಿ, ಬಾಕನ್ನು ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟರು. ಇನ್ನು ಮೇಲಾದರೂ ಬಾಲವನ್ನು ಉಜ್ಜಬೇಡಿ ತಾಯಿ ಎಂದು ಕೇಳಿಕೊಂಡರು. ಯಾರಾದರೂ ಹೆರಿಗೆಗೆ ಕರೆದರೆ ಉಜ್ಜಲೇಬೇಕಲ್ಲ ಸ್ವಾಮಿ ಎಂದಳು ಅಜ್ಜಿ. ಅವರು ನಕ್ಕು ಕೈಮುಗಿದರು.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಬಜಾರಿನಲ್ಲಿ ದೊಡ್ಡವರಿಗೆ ದಾರಿ ಬಿಟ್ಟು ಗೋಡೆಯ ಅಂಚು ಹಿಡಿದು ನಡೆಯುವುದು ನಮ್ಮ ಮನೆಯವರಿಗೆಲ್ಲ ರೂಢಿ. ನಾನು ಅಜ್ಜಿಯ ತೋಳು ಹಿಡಿದು ಆ ಕಡೆಗೆ ಕರೆದೆ. ಅವಳು ಬರಲಿಲ್ಲ. ಬೀದಿಯ ನಡುವೆಯೇ ನಡೆದಳು, ತನ್ನ ಎಂದಿನ ಸಣ್ಣ ಹೆಜ್ಜೆಗಳಲ್ಲಿ, ಅವಸರವಿಲ್ಲದೆ. ಹಿಂದಿನಿಂದ ಹುಲ್ಲಿನ ಗಾಡಿಯೊಂದು ಬಂತು. ಕೂಗಲೆಂದು ಬಾಯಿ ತೆರೆದ ಗಾಡಿಯವನು ಅಜ್ಜಿಯನ್ನು ಕಂಡು ಹಗ್ಗ ಜಗ್ಗಿದ. ಬಜಾರು ಮುಗಿಯುವವರೆಗೂ ಅವನ ಎತ್ತುಗಳು ಅವಳ ಹೆಜ್ಜೆಗೆ ಹೆಜ್ಜೆ ಇಡುತ್ತಾ ಬಂದವು. ಅವುಗಳ ಬಿಸಿಯುಸಿರು ನಮ್ಮ ಬೆನ್ನಿಗೆ ತಾಗುತ್ತಿತ್ತು.